ಟೈಟನ್ನಿನ ಗವಿಯಲ್ಲೊಂದು ಚಿಟಿಕೆ

ಕರ್ಣಿಕೆಯ ಕಣ್ಣು ಹೋದ ಸುದ್ದಿ ಬಂದಾಗ ನಾಗವೇಣಿ ಹೊಸಮನಿ ಧಾರವಾಡದ ಸಪ್ತಾಪುರದ ತನ್ನ ಸ್ಟುಡಿಯೋದಲ್ಲಿ ಒಂದು ಬಾವಿಯ ಸದ್ದನ್ನು ಹದ ಮಾಡುತ್ತ ಕೂತಿದ್ದಳು. ಬಾನುಲಿ ನಾಟಕವೊಂದರಲ್ಲಿ ನಾಯಕಿ ಬಾವಿಗೆ ಬಾಗಿ ತಂಗಿಯ ಹೆಸರು ಕೂಗಬೇಕಿತ್ತು. ನಟಿ ಕೂಗಿದ್ದು ಸ್ಪಂಜು ಹೊದಿಸಿದ ಪುಟ್ಟ ಕೋಣೆಯಲ್ಲಿ. ಆ ಕೂಗನ್ನು ಬಾವಿಯೊಳಗೆ ಇಳಿಸುವುದು ನಾಗವೇಣಿಯ ಕೆಲಸ.

ಇಪ್ಪತ್ತು ವರ್ಷಗಳಿಂದ ಅವಳು ಮಾಡುತ್ತ ಬಂದದ್ದು ಇದನ್ನೇ. ಬಾವಿಯೊಳಗೆ ಒಂದು ಬಲೂನು ಒಡೆದರೆ ಆ ಸದ್ದು ಕಲ್ಲಿಗೆ ತಾಗಿ, ನೀರಿಗೆ ತಾಗಿ, ಒಂದರ ಬೆನ್ನಿಗೊಂದು ಸಾವಿರ ಮರುದನಿಯಾಗಿ ಹಿಂತಿರುಗುತ್ತದೆ. ಅದನ್ನು ಹಿಡಿದಿಟ್ಟರೆ ಬಾವಿಯ ಆಕಾರವನ್ನೇ ಹಿಡಿದಿಟ್ಟಂತೆ. ಆಮೇಲೆ ಯಾರ ಮಾತನ್ನಾದರೂ, ಯಾವ ಹಾಡನ್ನಾದರೂ ಕಂಪ್ಯೂಟರು ಆ ಮರುದನಿಯೊಡನೆ ಹೆಣೆದು, ಬಾವಿಯೊಳಗಿಂದಲೇ ಬಂದಂತೆ ಕೇಳಿಸಬಲ್ಲದು. ಪುಸ್ತಕಗಳಲ್ಲಿ ಇದಕ್ಕೆ ಕನ್ವಲ್ಯೂಶನ್ ರಿವರ್ಬ್ ಎಂದು ಹೆಸರು. ನಾಗವೇಣಿ ಮಾತ್ರ ಪಲ್ಯಕ್ಕೆ ಉಪ್ಪು ಹಾಕಿದಷ್ಟು ಸಲೀಸಾಗಿ ‘ಜಾಗ ಹಾಕೋದು’ ಅನ್ನುತ್ತಿದ್ದಳು. ಅವಳ ಕಂಪ್ಯೂಟರಿನಲ್ಲಿ ಅಡುಗೆಮನೆ, ಜೈಲು, ಗುಮ್ಮಟ, ಖಾಲಿ ರೈಲುಡಬ್ಬಿ ಎಲ್ಲವೂ ಇದ್ದವು. ಹೋದ ಆರು ತಿಂಗಳಿಂದ ಒಂದು ಹೊಸ ಜಾಗಕ್ಕಾಗಿ ಅವಳು ಕಾದಿದ್ದಳು. ಆ ಜಾಗ ಶನಿಗ್ರಹದ ಚಂದ್ರ ಟೈಟನ್ನಿನ ಮೇಲಿತ್ತು.

ಕರ್ಣಿಕೆ ಎಂಬುದು ಟೈಟನ್ನಿನ ಮೇಲೆ ಹಾರಾಡುತ್ತಿದ್ದ ನಮ್ಮ ಪುಟ್ಟ ಯಂತ್ರ. ಅಲ್ಲಿ ಗಾಳಿ ಭೂಮಿಗಿಂತ ದಪ್ಪ, ಭಾರ ಏಳರಲ್ಲೊಂದು ಪಾಲು, ಚಳಿಯಂತೂ ಹೇಳತೀರದು. ಮಳೆಯಾಗಿ ಸುರಿಯುವುದು ನೀರಲ್ಲ, ನಮ್ಮ ಅಡುಗೆ ಅನಿಲದ ಜಾತಿಯ ಮೀಥೇನ್. ನೀರು ಅಲ್ಲಿ ಬಂಡೆಗಲ್ಲಾಗಿ ಕೂತಿದೆ. ಆ ದಪ್ಪ ಗಾಳಿಯಲ್ಲಿ ಸದ್ದು ಬಲುದೂರ ಹೋಗುತ್ತದೆಂದು ಯಂತ್ರಕ್ಕೆ ಒಂದು ಸ್ಪೀಕರನ್ನೂ ನಾಲ್ಕು ಮೈಕುಗಳನ್ನೂ ಕಟ್ಟಿ ಕಳಿಸಿದ್ದರು. ಅಲ್ಲಿನ ಕಣಿವೆಯ ಮರುದನಿ ಬಂದರೆ ಊರಿನಲ್ಲೊಂದು ಆಲಿಕೆಮನೆ ತೆರೆದು, ಜನ ತಮ್ಮ ದನಿಯನ್ನು ಟೈಟನ್ನಿನಲ್ಲಿ ಕೇಳುವಂತೆ ಮಾಡುವುದು ನಾಗವೇಣಿಗೆ ಒಪ್ಪಿಸಿದ್ದ ಕೆಲಸ.

ಫೋನು ಮಾಡಿದವರು ಯೋಜನೆಯ ಮುಖ್ಯಸ್ಥ ರಿಜ್ವಾನ್ ಮುಲ್ಲಾ. ಹುಬ್ಬಳ್ಳಿಯವರು, ಸಾವಕಾಶದ ಮನುಷ್ಯ. ಅವರ ದನಿ ಅಂದು ಒಣಗಿತ್ತು.

“ನಾಗವೇಣಿಯವರ, ಆಲಿಕೆಮನಿ ಕೆಲಸ ಸದ್ಯ ಬಿಡ್ರಿ. ಹಂಗ ಎದ್ದು ಕೇಂದ್ರಕ್ಕ ಬರ್ರಿ. ಈಗ ನಮಗ ನಿಮ್ಮ ಕಿವಿ ಬೇಕಾಗೈತಿ.”

*

ನಿಯಂತ್ರಣ ಕೇಂದ್ರ ಊರ ಹೊರಗಿನ ದಿಬ್ಬದ ಮೇಲಿತ್ತು. ಮುಲ್ಲಾ ಅವಳನ್ನು ದೊಡ್ಡ ಪರದೆಯ ಮುಂದೆ ಕೂರಿಸಿ ನಡೆದದ್ದನ್ನು ಹೇಳಿದರು. ಆಳವಾದ ಕಮರಿಯೊಂದಕ್ಕೆ ಇಳಿಯುವಾಗ ಕರ್ಣಿಕೆ ಸುಳಿಗಾಳಿಗೆ ಸಿಕ್ಕಿ ಪಕ್ಕಕ್ಕೆ ಜಾರಿತ್ತು. ಆಕಾಶದಿಂದ ಉದುರಿ ಒಟ್ಟಿದ್ದ ಮಸಿಯ ದಂಡೆಗೆ ಉಜ್ಜಿ, ಒಂದು ಗವಿಯೊಳಕ್ಕೆ ಹೊಕ್ಕು ಕೂತುಬಿಟ್ಟಿತ್ತು. ಹೊಕ್ಕ ಬಾಯಿ ಯಾವ ಕಡೆಗೆ ಉಳಿಯಿತೋ, ಮಸಿ ಕುಸಿದು ಮುಚ್ಚಿತೋ ಯಾರಿಗೂ ತಿಳಿಯದು. ಕ್ಯಾಮರಾದ ಮೇಲೂ ದೂರ ಅಳೆಯುವ ಲೇಸರಿನ ಮೇಲೂ ಡಾಂಬರಿನಂಥ ಮಸಿ ಮೆತ್ತಿಕೊಂಡಿತ್ತು. ಗವಿಯ ಗೋಡೆ ಮಂಜುಗಡ್ಡೆಯದಾದ್ದರಿಂದ ರೇಡಿಯೊ ಅಲೆ ಅದನ್ನು ದಾಟಿ ಹೇಗೋ ಹೋಗಿ ಬರುತ್ತಿತ್ತು. ಆದರೆ ಯಂತ್ರದೊಳಗಿನ ಬಿಸಿಗೆ ಕಾಲಡಿಯ ಮೇಣದಂಥ ನೆಲ ಮೆತ್ತಗಾಗಿ, ಕಾಲುಗಳು ದಿನದಿನಕ್ಕೆ ಹೂತುಹೋಗುತ್ತಿದ್ದವು.

“ಹಾರೂ ಶಕ್ತಿ ಇನ್ನೂ ಐತಿ. ಯಾವ ಕಡೆ ಹಾರಬೇಕು ಅನ್ನೋದು ಅದಕ್ಕ ಗೊತ್ತಿಲ್ಲ, ನಮಗೂ ಗೊತ್ತಿಲ್ಲ” ಎಂದರು ಮುಲ್ಲಾ.

ಕರ್ಣಿಕೆಗೆ ಉಳಿದಿದ್ದು ಕಿವಿ ಮತ್ತು ಬಾಯಿ. ತಗ್ಗಿನಿಂದ ಏರುತ್ತ ಹೋಗುವ ಒಂದು ಉದ್ದ ಸಿಳ್ಳೆ ಹಾಕು ಎಂದು ಅದಕ್ಕೆ ಹೇಳಿ ಕಳಿಸಿದ್ದರು. ಅದರ ಮರುದನಿ ಹಿಂದಿನ ದಿನ ಬಂದಿತ್ತು. ಕಂಪ್ಯೂಟರು ಅದರಿಂದ ಗವಿಯ ನಕ್ಷೆಯನ್ನೂ ಬರೆದಿತ್ತು. ತಲೆಯ ಮೇಲೆ ಚಾವಣಿ, ಬೆನ್ನಿಗೆ ಬಂಡೆ, ಎಡಕ್ಕೊಂದು ಬಲಕ್ಕೊಂದು ಕಪ್ಪು ಮಚ್ಚೆ. ಮಚ್ಚೆ ಎಂದರೆ ಅಲ್ಲಿಂದ ಸದ್ದು ತಿರುಗಿ ಬಂದಿಲ್ಲ ಎಂದು ಅರ್ಥ.

“ತೆರೆದ ದಾರಿ ಇದ್ರೂ ಸದ್ದು ತಿರುಗಿ ಬರೂದಿಲ್ಲ, ಮೆತ್ತನ ಮಸಿ ದಿಬ್ಬ ಇದ್ರೂ ಬರೂದಿಲ್ಲ. ಒಂದರಾಗ ಹೊಕ್ರ ಬದುಕತೈತಿ, ಇನ್ನೊಂದರಾಗ ಹೊಕ್ರ ಹೂತು ಹೋಗತೈತಿ. ಲೆಕ್ಕಾ ಮಾಡೋರಾಗ ಅರ್ಧ ಮಂದಿ ಎಡಾ ಅಂತಾರ, ಅರ್ಧ ಮಂದಿ ಬಲಾ ಅಂತಾರ.”

ನಾಗವೇಣಿ ಹೆಡ್‌ಫೋನು ಹಾಕಿಕೊಂಡಳು. ಸಿಳ್ಳೆಯನ್ನು ಕಳೆದು, ಗವಿಯ ಉತ್ತರವನ್ನಷ್ಟೇ ಉಳಿಸಿ, ತಾನು ಮೊದಲೇ ಮುದ್ರಿಸಿಟ್ಟಿದ್ದ ಒಂದು ಚಪ್ಪಾಳೆಯನ್ನು ಅದರೊಳಗೆ ಇಟ್ಟಳು. ಬಾವಿ, ಗುಮ್ಮಟ, ಜೈಲು ಯಾವುದನ್ನೂ ಹೋಲದ ಒಂದು ಸದ್ದು ಕಿವಿಯ ಸುತ್ತ ಅರಳಿ ಆರಿತು. ನೂರು ಕೋಟಿ ಕಿಲೋಮೀಟರಿಗೂ ಆಚೆ, ಯಾರೂ ಕಾಲಿಡದ ಒಂದು ಕತ್ತಲು ತನ್ನ ಚಪ್ಪಾಳೆಗೆ ಓಗೊಟ್ಟಿತ್ತು.

“ಸರ, ನಾ ಬರೇ ಜಾಗ ಹಾಕಾಕಿ, ಜಾಗ ಓದಾಕಿ ಅಲ್ಲ” ಎಂದಳು ಕೊನೆಗೆ. “ನನ್ನ ತಮ್ಮ ಅದಾನ. ಅಂವಾ ಹುಟ್ಟಿದಾಗಿಂದ ಹಿಂಗ ಓದಿಕೋತನ ಬಂದಾನ. ಕರಕೊಂಡ ಬರ್ಲ್ಯಾ?”

*

ಗುರುಬಸವ ಅಂಧ ಮಕ್ಕಳ ಶಾಲೆಯಲ್ಲಿ ಭೂಗೋಳದ ಮಾಸ್ತರ. ತಾನೂ ಹುಟ್ಟುಗುರುಡ. ಬೀದಿಯಲ್ಲಿ ನಡೆಯುವಾಗ ಎಡಗೈಯಲ್ಲಿ ಸಣ್ಣಗೆ ಚಿಟಿಕೆ ಹೊಡೆಯುತ್ತ ಹೋಗುತ್ತಿದ್ದ. ಚಿಟಿಕೆಗೆ ಮರಳುವ ಸದ್ದಿನಲ್ಲಿ ಅವನಿಗೆ ಗೋಡೆ, ಕಂಬ, ನಿಂತ ಲಾರಿ, ತೆರೆದ ಗೇಟು ಎಲ್ಲ ತಿಳಿಯುತ್ತಿತ್ತು.

ನಾಗವೇಣಿ ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗುರುಬಸವ ಹೊರಗಿನ ಕೋಣೆಯಲ್ಲಿ ಮಕ್ಕಳು ಅಂಟಿನಿಂದ ಮಾಡಿದ್ದ ಉಬ್ಬು ನಕ್ಷೆಗಳ ಮೇಲೆ ಬೆರಳಾಡಿಸುತ್ತಿದ್ದ. ಅಕ್ಕ ಹೇಳಿದ್ದನ್ನೆಲ್ಲ ತಲೆಬಾಗಿಸಿ ಕೇಳಿದ.

“ನಾ ಏನರ ತಪ್ಪು ಹೇಳಿದ್ರ?”

“ನೀ ಹೇಳಿದ್ದನ್ನ ಅವ್ರು ಲೆಕ್ಕಕ್ಕ ಹಚ್ಚಿ ನೋಡತಾರ. ನೀ ಒಬ್ಬನ ಹೊರೂದಲ್ಲ.”

“ಅದಲ್ಲ ಅಕ್ಕಾ.” ಅವನು ನಕ್ಷೆಯೊಂದನ್ನು ಸರಿಸಿಟ್ಟ. “ಹಿಮಾಲಯ ಹೆಂಗೈತಿ, ಸಮುದ್ರ ಹೆಂಗೈತಿ ಅಂತ ಕಣ್ಣಿದ್ದವ್ರು ಹೇಳಿದ್ರು. ನಾ ಅದನ್ನ ಬಾಯಿಪಾಠ ಮಾಡಿ ಹುಡುಗರಿಗೆ ಹೇಳಿದೆ. ಯಾರೂ ನೋಡದ ಜಾಗಾ ಹೆಂಗೈತಿ ಹೇಳು ಅಂತ ನನಗ ಇಲ್ಲೀತನಕ ಯಾರೂ ಕೇಳಿಲ್ಲ. ಅದಕ್ಕ ಎದಿ ಹೊಡಕೊಳ್ಳಾಕತ್ತೈತಿ.”

ಒಳಗಿನಿಂದ ಅವ್ವ, “ಎಲ್ಲಿಗೆ ಹೊಂಟೀರಿ? ರೊಟ್ಟಿ ಕಟ್ಟಿಕೊಡ್ಲೇನು?” ಎಂದು ಕೇಳಿದಳು.

“ಶನಿ ಚಂದ್ರಗ ಹೊಂಟೀವವ್ವಾ. ನಾಕು ಹೆಚ್ಚಿಗೀನ ಕಟ್ಟು” ಎಂದ ಗುರುಬಸವ.

*

ಕೇಂದ್ರದಲ್ಲಿ ಮೈಕುಗಳನ್ನು ಪರೀಕ್ಷಿಸುವ ಒಂದು ಕೋಣೆಯಿತ್ತು. ಗೋಡೆ, ಚಾವಣಿ, ನೆಲಕ್ಕೆಲ್ಲ ದಪ್ಪ ಸ್ಪಂಜು. ಅಲ್ಲಿ ಕೆಮ್ಮಿದರೆ ಕೆಮ್ಮು ಬಾಯಲ್ಲೇ ಸಾಯುತ್ತಿತ್ತು. ನಾಗವೇಣಿ ತಮ್ಮನನ್ನು ನಡುವೆ ನಿಲ್ಲಿಸಿ, ತಲೆ ತಿರುಗಿದತ್ತ ಸದ್ದನ್ನೂ ತಿರುಗಿಸುವ ಹೆಡ್‌ಫೋನು ತೊಡಿಸಿದಳು. ಅವನ ಬೆರಳ ಹತ್ತಿರ ಮೈಕು ಇಟ್ಟಳು. ಅವನು ಚಿಟಿಕೆ ಹೊಡೆದರೆ ಕಂಪ್ಯೂಟರು ಅದನ್ನು ಆ ಕ್ಷಣವೇ ಟೈಟನ್ನಿನ ಗವಿಯ ಮರುದನಿಯೊಡನೆ ಹೆಣೆದು ಕಿವಿಗೆ ಕೊಡಬೇಕು.

ಗಾಜಿನಾಚೆ ಅವಳೂ ಮುಲ್ಲಾ ಅವರೂ ಕೂತರು. ಗುರುಬಸವ ಚಿಟಿಕೆ ಹೊಡೆದ. ಮುಖ ಸುತ್ತಲೂ ತಿರುಗಿಸಿ ಮತ್ತೆ ಮತ್ತೆ ಹೊಡೆದ. ಹುಬ್ಬು ಗಂಟಿಕ್ಕಿತು.

“ಅಕ್ಕಾ, ಇದು ಪರದೆ ಮ್ಯಾಲೆ ಬರದ ಗ್ವಾಡಿ ಇದ್ದಂಗ ಐತಿ. ಗ್ವಾಡಿ ಅದಾವು, ಜಾಗಾ ಇಲ್ಲ.”

ನಾಗವೇಣಿಗೆ ಕಾರಣ ಹೊಳೆಯಿತು. ಸ್ಟುಡಿಯೋದ ರೂಢಿಯಂತೆ ಅವಳು ಮರುದನಿಯ ಬಾಲವನ್ನು ಕತ್ತರಿಸಿದ್ದಳು. ಮೊದಲು ಬರುವ ಗಟ್ಟಿ ಪ್ರತಿಧ್ವನಿಗಳಷ್ಟೇ ಸ್ಪಷ್ಟ, ಕೊನೆಯಲ್ಲಿ ಎಳೆದುಕೊಂಡು ಹೋಗುವ ಸಣ್ಣ ಗುಂಯ್‌ಗಾಟ ಗೊಂದಲ ಎಂಬುದು ಅವಳ ಅಭ್ಯಾಸ. ನಕ್ಷೆ ಬರೆದ ಕಂಪ್ಯೂಟರೂ ಹಾಗೆಯೇ ಆ ಬಾಲವನ್ನು ಕಸವೆಂದು ತೆಗೆದುಹಾಕಿತ್ತು. ಅವಳು ಕತ್ತರಿಸಿದ್ದನ್ನೆಲ್ಲ ಮರಳಿ ಜೋಡಿಸಿ, ಕ್ಷೀಣವಾದ ಕೊನೆಯನ್ನು ತುಸು ಎತ್ತಿಕೊಟ್ಟಳು.

“ಈಗ ನೋಡು.”

ಒಂದೇ ಚಿಟಿಕೆ. ಗುರುಬಸವ ಮೈ ಬಿಗಿಹಿಡಿದು ನಿಂತ. ಆಮೇಲೆ ಸ್ಪಂಜಿನ ಗೋಡೆಯ ಕಡೆ, ನಾಲ್ಕೇ ಹೆಜ್ಜೆಯ ಕೋಣೆಯಲ್ಲಿ, ಬಯಲಿಗೆ ಮುಖವೊಡ್ಡುವವನಂತೆ ಎಡಕ್ಕೆ ತಿರುಗಿದ.

“ಬಲಕ್ಕ ಹಾಸಿಗಿ ಒಟ್ಟಿದಂಗ ಐತಿ. ಹೋದ ಸದ್ದು ಅಲ್ಲೇ ಮಲಗತೈತಿ. ಎಡಕ್ಕ ಹಂಗಲ್ಲ. ಎಡಕ್ಕ ಸದ್ದು ಹೋಗತೈತಿ, ಹೋಗತೈತಿ, ಆಮ್ಯಾಲೆ ಬಾಳ ಹೊತ್ತಿಗೆ ಒಂದೀಟ ಉಸರು ತಿರುಗಿ ಬರತೈತಿ. ಈ ಬಾಗಲದ ಆಕಡೆ ಏನೋ ಐತಿ ಸರ. ಬಾಳ ದೊಡ್ಡದು.”

ಮುಲ್ಲಾ ನಾಲ್ಕು ಮೈಕುಗಳ ಬಾಲವನ್ನಷ್ಟೇ ಬೇರೆ ಮಾಡಿ, ಅದು ಬಂದ ದಿಕ್ಕನ್ನು ಲೆಕ್ಕ ಹಾಕಿದರು. ಪರದೆಯ ಎಡ ಮಚ್ಚೆಯ ನಡುವೆ ಮಸುಕು ಬೆಳಕೊಂದು ಮೂಡಿತು. ಅವರು ಕುರ್ಚಿಗೆ ಒರಗಿ ಮೆಲ್ಲಗೆ, “ಮಾಸ್ತರ್ರ ಮಾತು ಖರೇ ಐತಿ” ಎಂದರು.

ಇನ್ನು ಉಳಿದದ್ದು ದಾರಿಯ ಅಗಲ. ಬಾಗಿಲ ಬಾಯಿ ಲೆಕ್ಕಕ್ಕೆ ಸಿಕ್ಕಿತ್ತು, ಒಳಗಿನ ಇಕ್ಕಟ್ಟು ಸಿಕ್ಕಿರಲಿಲ್ಲ. ಗುರುಬಸವ ಹತ್ತಾರು ಸಲ ಚಿಟಿಕೆ ಹೊಡೆದು, “ಒಳಗ ಒಂದು ಎತ್ತಿನ ಗಾಡಿ ಸಲೀಸ ಹೋಗೂವಷ್ಟು ಐತ್ರಿ” ಎಂದ. ಕರ್ಣಿಕೆ ರೆಕ್ಕೆ ಚಾಚಿದರೂ ಅಷ್ಟು ಅಗಲವಿರಲಿಲ್ಲ. ಮುಲ್ಲಾ ಹಾರುವ ಆಜ್ಞೆಗಳನ್ನು ಬರೆಯತೊಡಗಿದರು.

ಕಾಲು ಸೋತ ಗುರುಬಸವ ಸ್ಪಂಜಿನ ಮೇಲೆ ಕೂರುತ್ತ, “ಆದ್ರ ಅಕ್ಕಾ, ಆ ಯಂತ್ರಾ ಬಾಳ ಎತ್ತರ ಐತಿ ಹೌದಿಲ್ಲೋ? ಅದರ ಕಿವಿ ನನ್ನ ಕಿವಿಯಷ್ಟ ಎತ್ತರಕ್ಕ ಅದಾವು” ಎಂದ.

“ಇಲ್ರಿ ಮಾಸ್ತರ” ಎಂದರು ಮುಲ್ಲಾ ಬರೆಯುತ್ತಲೇ. “ಕಾಲು ಎಷ್ಟು ಹೂತಾವು ಅನ್ನೋ ಅಳತಿ ಬರತೈತಲ್ಲ, ಮೈಕ್ ನಿಮ್ಮ ಎದಿಗಿಂತ ಕೆಳಗ ಅದಾವು.”

“ಅಲ್ರಿ, ನೆಲಾ ಇಷ್ಟು ಕೆಳಗ ಕೇಳಸ್ತೈತಿ.”

ನಾಗವೇಣಿಯ ಕೈ ಗುಂಡಿಯ ಮೇಲೆ ಹಾಗೇ ನಿಂತಿತು. ತಮ್ಮನ ಕಿವಿ ನೆಲದ ವಿಷಯದಲ್ಲಿ ಎಂದೂ ತಪ್ಪಿದ್ದಿಲ್ಲ. ಹಾಗಿದ್ದರೆ ತಪ್ಪಿದ್ದು ತಾನು ಅವನಿಗೆ ಕೇಳಿಸಿದ ನೆಲವೇ. ಚಳಿಯಲ್ಲಿ ಸದ್ದು ನಿಧಾನ. ಟೈಟನ್ನಿನಲ್ಲಿ ಅದು ಭೂಮಿಯ ಸದ್ದಿನ ಅರ್ಧಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ನಡೆಯುತ್ತದೆ. ಅಲ್ಲಿ ಹತ್ತಿರದ ಗೋಡೆಯಿಂದ ಬಂದ ಸದ್ದೂ ತಡವಾಗಿಯೇ ಬರುತ್ತದೆ. ಧಾರವಾಡದ ಗಾಳಿಯಲ್ಲಿ ಬೆಳೆದ ಕಿವಿ ಆ ತಡವನ್ನು ದೂರವೆಂದು ತಿಳಿಯುತ್ತದೆ. ಗುರುಬಸವ ನಿಂತಿದ್ದ ಗವಿ ನಿಜವಾದ ಗವಿಗಿಂತ ಒಂದೂಮುಕ್ಕಾಲು ಪಟ್ಟು ದೊಡ್ಡದಾಗಿತ್ತು.

“ಸರ, ತಡೀರಿ. ಆಜ್ಞಾ ಕಳಸಬ್ಯಾಡ್ರಿ.”

ಅವಳು ವಿವರಿಸಿದಾಗ ಮುಲ್ಲಾ ಬರೆದಿದ್ದ ಆಜ್ಞೆಗಳನ್ನೆಲ್ಲ ಅಳಿಸಿದರು. ಅವರ ಎಲ್ಲ ಲೆಕ್ಕದಲ್ಲೂ ಸದ್ದಿನ ವೇಗ ಸರಿಯಾಗಿತ್ತು. ಹೆಡ್‌ಫೋನಿಗೆ ಹೋದ ಗವಿಯೊಂದನ್ನು ಮಾತ್ರ ಯಾರೂ ಕುಗ್ಗಿಸಿರಲಿಲ್ಲ. ಎತ್ತಿನ ಗಾಡಿಯ ದಾರಿ ಎಂದುಕೊಂಡು ಹಾರಿದ್ದರೆ ಕರ್ಣಿಕೆ ಬಂಡೆಗೆ ರೆಕ್ಕೆ ಬಡಿದು ಬೀಳುತ್ತಿತ್ತು.

ನಾಗವೇಣಿ ಮರುದನಿಯ ಕಾಲವನ್ನೆಲ್ಲ ಒತ್ತಿ ಕಿರಿದು ಮಾಡಿದಳು. ಚಿಟಿಕೆಯನ್ನು ಮುಟ್ಟಲಿಲ್ಲ, ಜಾಗವನ್ನಷ್ಟೇ ಬಿಗಿಗೊಳಿಸಿದಳು. ಅಲ್ಲಿ ನಿಂತ ಮನುಷ್ಯನಿಗೆ ನಿಜಕ್ಕೂ ಕೇಳುವ ಸದ್ದು ಇದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಇಲ್ಲಿನ ಮನುಷ್ಯ ಅಲ್ಲಿನ ಜಾಗವನ್ನು ಅರಿಯಲು ಬೇರೆ ದಾರಿ ಇರಲಿಲ್ಲ.

ಗುರುಬಸವ ಎದ್ದು ಮತ್ತೆ ಚಿಟಿಕೆ ಹೊಡೆದ. “ಹಾಂ. ಈಗ ನೆಲಾ ಮ್ಯಾಲೆ ಎದ್ದು ಸೊಂಟದ ಕೆಳಗ ಬಂತು.” ಆಮೇಲೆ ಬಹಳ ಹೊತ್ತು ಎಡಕ್ಕೆ ಕಿವಿಗೊಟ್ಟ. “ಗಾಡಿ ಹೋಗೂದಿಲ್ರಿ ಸರ. ತಳ್ಳೂಗಾಡಿ ಅಷ್ಟ. ಬಲಗಡಿ ಗ್ವಾಡಿಯಿಂದ ಒಂದು ಕಲ್ಲು ಮುಂದ ಬಂದೈತಿ. ಎಡಕ್ಕ ಒತ್ತಿ, ನೆಲಕ್ಕ ಸಮೀಪ ಹೋದ್ರ ಪಾರಾಗಬಹುದು.”

ಮುಲ್ಲಾ ಅವನು ಹೇಳಿದ ಕಲ್ಲನ್ನು ಲೆಕ್ಕದಲ್ಲಿ ಹುಡುಕಿದರು. ಹುಡುಕುವ ಜಾಗ ಗೊತ್ತಾದ ಮೇಲೆ ಅದು ಸಿಕ್ಕಿತು. ಆಜ್ಞೆ ಹೊರಟಿತು.

*

ಆಜ್ಞೆ ಟೈಟನ್ ಮುಟ್ಟಲು ಒಂದೂ ಕಾಲು ಗಂಟೆಗೂ ಮೇಲೆ ಬೇಕು. ಉತ್ತರ ಬರಲು ಮತ್ತಷ್ಟೇ. ಮೂವರೂ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಕೂತರು. ಆಜ್ಞೆ ಮುಟ್ಟುವ ಹೊತ್ತು ದಾಟಿತು. ಗೆದ್ದದ್ದೋ ಸೋತದ್ದೋ ಅಲ್ಲಿ ಆಗಲೇ ನಡೆದುಹೋಗಿದೆ, ಸುದ್ದಿಯಷ್ಟೇ ದಾರಿಯಲ್ಲಿದೆ ಎಂಬುದು ನಾಗವೇಣಿಯನ್ನು ಕಾಡಿತು.

ಸಂಕೇತ ಬಂತು. ಕರ್ಣಿಕೆ ಹಾರಿತ್ತು, ಇಳಿದಿತ್ತು, ಸಿಳ್ಳೆ ಹಾಕಿತ್ತು. ನಾಗವೇಣಿ ಹೊಸ ಮರುದನಿಯನ್ನು ಬಿಡಿಸಿ, ಕುಗ್ಗಿಸಿ, ತಮ್ಮನ ಕಿವಿಗೆ ಕೊಟ್ಟಳು. ತಾನೂ ಇನ್ನೊಂದು ಹೆಡ್‌ಫೋನು ಹಾಕಿಕೊಂಡಳು.

ಗುರುಬಸವ ಚಿಟಿಕೆ ಹೊಡೆದ. ಏನೂ ಕೇಳಲಿಲ್ಲ. ಚಿಟಿಕೆ ಎಲ್ಲೋ ಬಿದ್ದುಹೋಯಿತೇನೋ ಅನ್ನುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲ ದಿಕ್ಕಿನಿಂದ, ಮೇಲಿನಿಂದಲೂ, ಅದು ಮರಳತೊಡಗಿತು. ಒಂದು ಗೋಡೆಯಿಂದ ಅಲ್ಲ, ಸಾಲು ಸಾಲು ಗೋಡೆಗಳಿಂದ. ಒಂದು ಮಡಿಕೆ ಸುಮ್ಮನಾಗುವಷ್ಟರಲ್ಲಿ ಅದರ ಹಿಂದಿನ ಮಡಿಕೆ ಮಾತಾಡಿತು. ಆ ಒಂದು ಚಿಟಿಕೆ ದೊಡ್ಡದಾಗುತ್ತ, ಮೆದುವಾಗುತ್ತ, ಕಡೆಗೆ ಸದ್ದೋ ಬರೀ ನೆನಪೋ ತಿಳಿಯದಂತಾಗಿ, ಇನ್ನೂ ಇತ್ತು. ಅದರ ನಡುವೆ ಅಲ್ಲೊಂದು ಇಲ್ಲೊಂದು ತಟಕ್, ತಟಕ್ ಎಂದು ಮೈಕಿಗೆ ಸಿಕ್ಕ ಮೀಥೇನ್ ಹನಿಗಳು. ಹೂವಿನಷ್ಟು ನಿಧಾನವಾಗಿ ಬೀಳುವ ಆ ಹನಿಗಳು ಮನುಷ್ಯ ಹುಟ್ಟುವ ಮೊದಲಿನಿಂದಲೂ ಯಾರಿಗೂ ಕೇಳದೆ ಬೀಳುತ್ತಿದ್ದವು.

ಗುರುಬಸವನ ಎರಡೂ ಕೈ ತಾವಾಗಿ ಮೇಲೆದ್ದಿದ್ದವು.

“ಏನೈತ್ರಿ ಮಾಸ್ತರ?” ಮುಲ್ಲಾ ಪಿಸುಮಾತಿನಲ್ಲಿ ಕೇಳಿದರು.

“ಹೇಳಾಕ ಬರವಲ್ದು ಸರ. ನಮ್ಮ ಇಡೀ ಧಾರವಾಡ ಇದರಾಗ ಇಟ್ರೂ ಮೂಲ್ಯಾಗ ಕುಂದರತೈತಿ.”

ಮರುದಿನ ಆ ಮರುದನಿಯ ಒಂದು ಪ್ರತಿಯನ್ನು ನಾಗವೇಣಿ ಮನೆಗೆ ತಂದು, ಅವ್ವನ ಕಿವಿಗೆ ಹೆಡ್‌ಫೋನು ಇಟ್ಟು, ಏನಾದರೂ ಮಾತಾಡು ಎಂದಳು. ಅವ್ವನಿಗೆ ಏನು ಮಾತಾಡಬೇಕೋ ತೋಚಲಿಲ್ಲ. “ಗುರುಬಸು, ಊಟಕ್ಕ ಬಾರಪಾ” ಎಂದು ಕೂಗಿದಳು. ಕೂಗು ಹೋಯಿತು. ಅವಳು ಬಾಯಿ ತೆರೆದುಕೊಂಡೇ ಕಾದಳು. ಅದು ಮರಳಿ ಬಂದು, ಸುತ್ತಿ, ಪೂರ್ತಿ ಆರುವವರೆಗೂ ಅಲುಗಲಿಲ್ಲ. ನಿಧಾನವಾಗಿ ಹೆಡ್‌ಫೋನು ತೆಗೆದು ಸೆರಗಿನಿಂದ ಒರೆಸಿ ಕೊಟ್ಟಳು.

“ಇಷ್ಟು ದೊಡ್ಡ ಮನ್ಯಾಗ ಯಾರ ಇರತಾರವಾ?”

“ಯಾರೂ ಇಲ್ಲವ್ವಾ.”

“ಯಾರೂ ಇರದ ಮನಿ ಇಷ್ಟ್ಯಾಕ ದೊಡ್ಡದು ಕಟ್ಟಿದಾ ಅಂವಾ?” ಎಂದಳು ಅವ್ವ. ಅವನು ಯಾರೆಂದು ನಾಗವೇಣಿ ಕೇಳಲಿಲ್ಲ. ಅಂದು ಇಡೀ ದಿನ ಅವ್ವ ಮನೆಯಲ್ಲಿ ಮೆಲುದನಿಯಲ್ಲೇ ಮಾತಾಡಿದಳು.

*

ಹಜಾರದಂಥ ಆ ದೊಡ್ಡ ಗವಿಯಿಂದ ಹೊರಬರಲು ಮೂರು ವಾರ ಹಿಡಿಯಿತು. ಕರ್ಣಿಕೆ ತುಸು ತುಸುವೇ ಮೇಲೇರುತ್ತಿತ್ತು, ಸಿಳ್ಳೆ ಹಾಕುತ್ತಿತ್ತು, ಯಾವುದಾದರೂ ಬಂಡೆಯ ಚಾಚಿನ ಮೇಲೆ ಇಳಿದು ಕಾಯುತ್ತಿತ್ತು. ಗುರುಬಸವ ಶಾಲೆ ಮುಗಿಸಿ ಸಂಜೆ ಬಂದು ಸ್ಪಂಜಿನ ಕೋಣೆಯಲ್ಲಿ ನಿಲ್ಲುತ್ತಿದ್ದ. ಅವನು ಹೇಳುತ್ತಿದ್ದ, ಮುಲ್ಲಾ ಲೆಕ್ಕಕ್ಕೆ ಹಚ್ಚುತ್ತಿದ್ದರು, ಒಮ್ಮೊಮ್ಮೆ ಲೆಕ್ಕ ಅವನನ್ನು ತಿದ್ದುತ್ತಿತ್ತು. ಮಂಜುಗಡ್ಡೆಯ ಕಂಬವೊಂದನ್ನು ಅವನು ಎರಡೆಂದು ತಿಳಿದ ದಿನ ಇಬ್ಬರೂ ಬಹಳ ಹೊತ್ತು ಜಗಳಾಡಿ, ಕೊನೆಗೆ ನಕ್ಕರು. ಮೇಲೆ ಹೋದಂತೆ ಚಾವಣಿ ಒಂದು ಕಡೆ ಬಾಯಿಬಿಟ್ಟು, ಸದ್ದು ಅಲ್ಲಿ ಸೋರಿಹೋಗುತ್ತಿರುವುದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅತ್ತಲೇ ಹಾರು ಎಂದು ಕಳಿಸಿದರು.

ಕೊನೆಯ ಉತ್ತರ ಬಂದ ಸಂಜೆ ಕೇಂದ್ರದವರೆಲ್ಲ ಗಾಜಿನಾಚೆ ನಿಂತಿದ್ದರು. ನಾಗವೇಣಿ ಮರುದನಿಯನ್ನು ಬಿಡಿಸಿದಳು. ಪರದೆಯ ಮೇಲೆ ಗೆರೆ ಚಪ್ಪಟೆಯಾಗಿತ್ತು. ಮೊದಲಿಗೆ ಎತ್ತರದ ಒಂದು ಮೊನೆ, ಅಷ್ಟೆ.

“ಏನೂ ಬಂದಿಲ್ಲ. ಮೈಕ್ ಹೋತೇನು?” ಎಂದರು ಮುಲ್ಲಾ. ಅವರ ದನಿ ಕುಸಿದಿತ್ತು.

ಗುರುಬಸವ ಚಿಟಿಕೆ ಹೊಡೆದ. ಎಡಕ್ಕೆ, ಬಲಕ್ಕೆ, ತಲೆಯೆತ್ತಿ ಮೇಲಕ್ಕೆ. ಅವನ ಮುಖದ ಬಿಗುವು ಒಂದೊಂದಾಗಿ ಸಡಿಲಾಯಿತು.

“ಮೈಕ್ ಹೋಗಿಲ್ರಿ ಸರ. ನೆಲಾ ಐತಿ, ಸೊಂಟದ ಕೆಳಗ, ಎಲ್ಲಿರಬೇಕೋ ಅಲ್ಲೇ ಐತಿ. ನೆಲಾ ಬಿಟ್ರ ಬ್ಯಾರೆ ಏನೂ ಇಲ್ಲ. ಗ್ವಾಡಿ ಇಲ್ಲ, ಚಾವಣಿ ಇಲ್ಲ.” ಅವನು ಉಸಿರೆಳೆದುಕೊಂಡ. “ಮ್ಯಾಲೆ ಆಕಾಶ ಐತಿ.”

ಗಾಜಿನಾಚೆ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಮುಲ್ಲಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಬೆನ್ನು ತಿರುಗಿಸಿ ನಿಂತರು. ನಾಗವೇಣಿ ಎದ್ದು ತಮ್ಮನ ಹೆಡ್‌ಫೋನು ತೆಗೆಯಲು ಕೋಣೆಯೊಳಗೆ ಹೋದಳು. ಅವನು ಕೈಯೆತ್ತಿ ತಡೆದ.

“ತಡಿ ಅಕ್ಕಾ. ಇನ್ನೂ ಮುಗದಿಲ್ಲ. ಕಡೀ ತುದಿ ಒಂದೀಟ ಎತ್ತಿ ಕೊಡು.”

ಅವಳು ಮರಳಿ ಕೂತು, ಗೆರೆಯ ಬಲತುದಿಯಲ್ಲಿ ಏನೂ ಇಲ್ಲದ ಕಡೆ ಸದ್ದನ್ನು ಎತ್ತಿದಳು. ಗುರುಬಸವ ಈ ಸಲ ಚಿಟಿಕೆ ಬಿಟ್ಟು ಎರಡೂ ಕೈ ಸೇರಿಸಿ ಚಪ್ಪಾಳೆ ಹೊಡೆದ. ಸುಮ್ಮನೆ ನಿಂತ. ಚಪ್ಪಾಳೆ ಮರೆತೇಹೋಗುವಷ್ಟು ಹೊತ್ತಾದ ಮೇಲೆ, ಒಂದೇ ದಿಕ್ಕಿನಿಂದ, ಬೆರಳ ತುದಿ ಬೆನ್ನ ಮೇಲೆ ತಾಗಿದಷ್ಟು ಮೆತ್ತಗೆ ಅದು ಮರಳಿ ಬಂತು. ಅವನು ಥಟ್ಟನೆ ಅತ್ತ ತಿರುಗಿ ಕತ್ತೆತ್ತಿದ. ಇನ್ನೂ ಎತ್ತಿದ.

“ಅಕ್ಕಾ,” ಎಂದ. “ಗುಡ್ಡ.”

ನಾಗವೇಣಿ ಗಾಜಿನತ್ತ ಬಾಗಿದಳು.

“ನಕ್ಷೆದಾಗಿನಂಗ ಕೈಯಾಗ ಹಿಡಿಯೂವಂಥದ್ದಲ್ಲ. ದೂರ ಐತಿ. ಎತ್ತರ ಐತಿ. ಹಂಗ ನಿಂತೈತಿ ನೋಡು. ಗುಡ್ಡ ಅಂದ್ರ ಹಿಂಗ ಇರತೈತೇನು?”

“ಹೂಂ” ಎಂದಳು ಅವಳು. ತನಗೂ ಅದು ಈ ಮೊದಲು ಗೊತ್ತಿರಲಿಲ್ಲ ಅನ್ನಿಸಿತು.

ಅವಳು ಗುಂಡಿಗಳ ಮೇಲಿನಿಂದ ಕೈ ತೆಗೆದು, ತನ್ನ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಗುರುಬಸವ ಮತ್ತೊಮ್ಮೆ ಚಪ್ಪಾಳೆ ತಟ್ಟಿದ. ಇಬ್ಬರೂ ಗುಡ್ಡ ಮಾತಾಡುವುದನ್ನು ಕಾಯತೊಡಗಿದರು.